ನಗೆಯ ತರಗತಿ: ಲಂಡನ್ನಿನಿಂದ ದೂರದರ್ಶನಕ್ಕೆ

ಬ್ರಿಟನ್ನಿನ ಐಟಿವಿಯಲ್ಲಿ 1977ರಲ್ಲಿ ಆರಂಭವಾದ, ವಿನ್ಸ್ ಪೊವೆಲ್ ರಚಿಸಿದ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಹಾಸ್ಯಮಾಲಿಕೆಯಲ್ಲಿ ಇಂಗ್ಲಿಷ್ ಕಲಿಯಬಂದ ವಿದೇಶೀಯರಿಗೆ ತಲಾ ಒಂದೇ ಲಕ್ಷಣ. ಭಾರತದ ಜಮೀಲಾ ಉಣ್ಣೆ ಹೆಣೆಯುತ್ತಲೇ ಇರುತ್ತಾಳೆ; ಸಿಖ್ಖನಾದ ರಂಜೀತನಿಗೂ ಪಾಕಿಸ್ತಾನದ ಅಲಿಗೂ ಜಗಳವೇ ಕಸುಬು. ದೇಶವೇ ಪಾತ್ರ, ಪಾತ್ರಕ್ಕೆ ಬೇರೆ ಮನಸ್ಸಿಲ್ಲ. ಜನಪ್ರಿಯವಾಗಿದ್ದರೂ ಈ ಅಚ್ಚುಗಳು ಅವಹೇಳನಕರವೆಂದು ಬಗೆದು ಮೈಕೆಲ್ ಗ್ರೇಡ್ 1979ರಲ್ಲಿ ಅದನ್ನು ನಿಲ್ಲಿಸಿದರು.

ಅದೇ ತರಗತಿ 1993ರಲ್ಲಿ ನಮ್ಮ ದೂರದರ್ಶನದಲ್ಲಿ ‘ಜಬಾನ್ ಸಂಭಾಲ್ ಕೆ’ ಎಂಬ ಹೆಸರಿನಿಂದ ಮತ್ತೆ ತೆರೆಯಿತು. ಪಂಕಜ್ ಕಪೂರ್ ಹಿಂದಿ ಅಧ್ಯಾಪಕ. ಅಲ್ಲಿ ಪರದೇಶಿಯ ಬೆಂಚಿನಲ್ಲಿ ತಮಿಳನೂ ಮರಾಠಿಗನೂ ಕುಳಿತಿದ್ದುದೇ ವಿಚಾರಾರ್ಹ. ಹಿಂದಿಯೊಂದನ್ನುಳಿದು ಮಿಕ್ಕ ನುಡಿಗಳ ಉಚ್ಚಾರಣೆಯೆಲ್ಲ ಅಲ್ಲಿ ನಗೆಯ ವಸ್ತು. ದೆಹಲಿಯ ಕನ್ನಡಿಗನಿಗೆ ಈ ಬೆಂಚು ಹೊಸದಲ್ಲ. ಕುರ್ಚಿಗೂ ಲಿಂಗವುಂಟೆಂಬುದನ್ನು ಮರೆತು ಕ್ರಿಯಾಪದ ತಪ್ಪಿದನೋ, ಆ ಕ್ಷಣವೇ ಅವನು ‘ಮದ್ರಾಸಿ’. ಈ ಲೇಖಕನೂ ಅನೇಕ ಬಾರಿ ಹಾಗೆ ಕರೆಸಿಕೊಂಡು, ನಗುವವರೊಡನೆ ತಾನೂ ನಕ್ಕದ್ದುಂಟು.