ನೀಲಗಾರರ ಹರವಿಯಲ್ಲಿ ರಸಾಯನಶಾಸ್ತ್ರ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಶಾಲೆಗಳ ಹಾಜರಿ ಪುಸ್ತಕ ತೆರೆದರೆ ನೀಲಗಾರ, ರಂಗರೇಜ ಎಂಬ ಅಡ್ಡಹೆಸರುಗಳು ಕಣ್ಣಿಗೆ ಬೀಳುತ್ತವೆ. ಎರಡೂ ಬಣ್ಣದ ಕಸುಬಿನಿಂದ ಬಂದವು. ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಯಲ್ಲಿ ನೀಲಗಾರರು ತಲೆತಲಾಂತರದಿಂದ ನೂಲಿಗೆ ನೀಲಿ ಹಾಕುತ್ತಿದ್ದರು. ಇಂದು ಅಂಥ ಮನೆಯ ಮಕ್ಕಳೇ "ಸರ್, ಉತ್ಕರ್ಷಣ, ಅಪಕರ್ಷಣ ತಲೆಗೆ ಹತ್ತೂದಿಲ್ರಿ" ಎನ್ನುತ್ತಾರೆ. ಉರ್ದು ಮಾಧ್ಯಮದಲ್ಲಿ ತಕ್ಸೀದ್, ತಹ್ವೀಲ್ ಎಂದು ಓದಿ ಬಂದವರಿಗಂತೂ ಇನ್ನೂ ಗೊಂದಲ. ನಾನು ಭಾಷಾ ಶಿಕ್ಷಕ. ಆದರೂ ಈ ಪದಗಳ ಜಾಡು ಹಿಡಿದು ಹೋದಾಗ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

1770ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ, ವಸ್ತು ಉರಿಯುವಾಗ ಆಮ್ಲಜನಕದೊಡನೆ ಕೂಡುತ್ತದೆಂದು ತೋರಿಸಿದನು. ಆಮ್ಲಜನಕ ಕೂಡಿದರೆ ಉತ್ಕರ್ಷಣ, ಕಳೆದರೆ ಅಪಕರ್ಷಣ ಎಂಬ ಪಾಠ ಹೀಗೆ ಬಂತು. ಆದರೆ ಸಾವಯವ ವಸ್ತುಗಳಿಗೆ ಇದಿಷ್ಟೇ ಸಾಲದು. 1835ರಲ್ಲಿ ಜರ್ಮನಿಯ ಲೀಬಿಗ್ 'ಆಲ್ಡಿಹೈಡ್' ಎಂಬ ಹೆಸರು ಕಟ್ಟಿದನು. ಜಲಜನಕ ಕಳೆದುಕೊಂಡ ಆಲ್ಕೊಹಾಲ್ ಎಂದು ಅದರ ಅರ್ಥ. ಜಲಜನಕ ಕಳೆಯುವುದೂ ಉತ್ಕರ್ಷಣವೇ.

ನೀಲಿ ಇದಕ್ಕೆ ಒಳ್ಳೆಯ ಉದಾಹರಣೆ. ನೀಲಿ ನೀರಿನಲ್ಲಿ ಕರಗದು. ಬಣ್ಣಗಾರರು ಹರವಿಯಲ್ಲಿ ಸುಣ್ಣದ ನೀರು, ತಗಚಿ ಬೀಜ, ಬೆಲ್ಲ ಮುಂತಾದವನ್ನು ಸೇರಿಸಿ ಕೆಲವು ದಿನ ಹದಕ್ಕೆ ಬಿಡುತ್ತಿದ್ದರು. ಆಗ ಅದು ಹಳದಿ ಹಸಿರಾಗಿ ಕರಗುತ್ತಿತ್ತು. ನೂಲನ್ನು ಅದ್ದಿ ಗಾಳಿಗೆ ಹಿಡಿದರೆ ಕಣ್ಣೆದುರೇ ಮತ್ತೆ ನೀಲಿ! ಈಗ ಲೆಕ್ಕ ಹಾಕಿರಿ. ನೀಲಿಯ ಅಣುವಿನಲ್ಲಿ 16 ಇಂಗಾಲ, 10 ಜಲಜನಕ, 2 ಸಾರಜನಕ, 2 ಆಮ್ಲಜನಕ. ಕರಗುವ ರೂಪದಲ್ಲಿ ಜಲಜನಕ 12, ಉಳಿದವೆಲ್ಲ ಅಷ್ಟಕ್ಕಷ್ಟೇ. ಹರವಿಯಲ್ಲಿ ಎರಡು ಜಲಜನಕ ಕೂಡಿದ್ದು ಅಪಕರ್ಷಣ. ಗಾಳಿಯಲ್ಲಿ ಅವೆರಡೂ ಕಳೆದದ್ದು ಉತ್ಕರ್ಷಣ. ಗಾಳಿಯ ಆಮ್ಲಜನಕ ನೀಲಿಯೊಳಗೆ ಸೇರಲಿಲ್ಲ, ಅದರ ಜಲಜನಕವನ್ನು ಸೆಳೆದುಕೊಂಡಿತು ಅಷ್ಟೆ. ಆಮ್ಲಜನಕವನ್ನು ಮಾತ್ರ ಎಣಿಸುವ ವಿದ್ಯಾರ್ಥಿ ಇಲ್ಲಿಯೇ ಎಡವುತ್ತಾನೆ.

ಜರ್ಮನಿಯ ಬೇಯರ್ 1883ರಲ್ಲಿ ನೀಲಿಯ ಅಣುರಚನೆ ಕಂಡುಹಿಡಿದನು. 1905ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. 1897ರಲ್ಲಿ ಅಲ್ಲಿಯ ಕಾರ್ಖಾನೆಯ ಕೃತಕ ನೀಲಿ ಮಾರುಕಟ್ಟೆಗೆ ಇಳಿಯಿತು. ಭಾರತದ ನೀಲಿ ವ್ಯಾಪಾರ ನೆಲಕಚ್ಚಿತು. ನಮ್ಮವರ ಕೈಯಲ್ಲಿ ಕಸುಬಿತ್ತು, ಅದರ ಹಿಂದಿನ ಲೆಕ್ಕ ಬೇರೆಯವರ ಕೈಯಲ್ಲಿತ್ತು.

ವಿದ್ಯಾರ್ಥಿಗಳೇ, ಮೇಲವಂಕಿಯಲ್ಲಿ ಓದಿದರೂ ಬೆಳಗಾವಿಯಲ್ಲಿ ಓದಿದರೂ, ಪದ ಉರ್ದುವಾದರೂ ಕನ್ನಡವಾದರೂ ಲೆಕ್ಕ ಒಂದೇ. ಬಾಯಿಪಾಠ ಬಿಡಿರಿ. ಆಮ್ಲಜನಕದ ಜೊತೆಗೆ ಜಲಜನಕವನ್ನೂ ಎಣಿಸಿರಿ. ಅಜ್ಜನ ಹರವಿಯ ವಿದ್ಯೆ ನಿಮಗೆ ಪರಕೀಯವಲ್ಲ.