ಲಿಡ್ಕರ್

ಡಾ. ಬಾಬು ಜಗಜೀವನ ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮದ ಬಳಕೆಯ ಹೆಸರು. 1976ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಸರ್ಕಾರದ ಉದ್ಯಮ. ಚರ್ಮದ ಕಸುಬಿನ ಪರಿಶಿಷ್ಟ ಜಾತಿಗಳ ಕುಶಲಕರ್ಮಿಗಳಿಗೆ ತರಬೇತಿ, ನೆರವು ಮತ್ತು ಮಾರುಕಟ್ಟೆ ಒದಗಿಸುವುದು ಇದರ ಕೆಲಸ.

ನಿಗಮಕ್ಕೆ ಇಟ್ಟ ಹೆಸರು ಔಚಿತ್ಯಪೂರ್ಣ. ಬಿಹಾರದ ಚಮ್ಮಾರ ಕುಟುಂಬದಲ್ಲಿ ಹುಟ್ಟಿದ ಜಗಜೀವನ ರಾಂ (1908–1986) ದಲಿತರ ಹಕ್ಕಿನ ಹೋರಾಟದಿಂದ ಬಂದವರು. 1946ರ ಮಧ್ಯಂತರ ಸರ್ಕಾರದಲ್ಲಿ ಕಾರ್ಮಿಕ ಸಚಿವರಾದರು. ಕರ್ನಾಟಕದಲ್ಲಿ ಬಿ. ಕೃಷ್ಣಪ್ಪ ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿ ಕಟ್ಟಿದ್ದೂ ನಿಗಮ ಹುಟ್ಟಿದ ಎಪ್ಪತ್ತರ ದಶಕದಲ್ಲೇ. ಬೀದಿಯಲ್ಲಿ ಆತ್ಮಗೌರವದ ಕೂಗು ಎದ್ದ ಕಾಲದಲ್ಲೇ ಕಸುಬಿನ ಆದಾಯದ ಹೊಣೆ ಸರ್ಕಾರಿ ನಿಗಮವೊಂದಕ್ಕೆ ಬಂತು. ಎರಡನ್ನೂ ಜೊತೆಗಿಟ್ಟು ಓದಬೇಕು.

ಅಥಣಿ, ನಿಪ್ಪಾಣಿ ಸೀಮೆಯ ಕೊಲ್ಹಾಪುರಿ ಚಪ್ಪಲಿಯಲ್ಲಿ ಈ ಕಸುಬಿನ ಜಾಣ್ಮೆ ಕಾಣುತ್ತದೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ತೊಗಲನ್ನು ಸಮಗಾರ ಕುಟುಂಬಗಳು ಕೊಯ್ದು, ಚರ್ಮದ ದಾರದಿಂದಲೇ ಹೊಲಿಯುತ್ತವೆ; ಹೊಲಿಗೆ, ಹೆಣಿಗೆಯಲ್ಲಿ ಹೆಂಗಸರ ಪಾಲು ದೊಡ್ಡದು. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆ ದೊರೆಯಿತು: ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಹಾಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ. ಅಲ್ಲಿನ ಚರ್ಮ ಕೈಗಾರಿಕಾ ನಿಗಮವಾದ ಲಿಡ್‌ಕಾಮ್ ಜೊತೆ ಲಿಡ್ಕರ್ ಇದರ ಹಕ್ಕುದಾರ. ಹೆಸರು ಕೊಲ್ಹಾಪುರದ್ದಾದರೂ ಕನ್ನಡ ನಾಡಿನ ಕೈಗಳಿಗೆ ಸಮಪಾಲು ಸಿಕ್ಕಿದ್ದು ದೊಡ್ಡ ಸಾಧನೆ.

2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್‌ನ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆಯನ್ನು ಮೂಲ ಹೇಳದೆ ತೋರಿಸಿತು. ಆಕ್ಷೇಪಗಳೆದ್ದ ಮೇಲೆ, ಪ್ರೇರಣೆ ಭಾರತದ ಕರಕುಶಲದ್ದೆಂದು ಕಂಪನಿ ಒಪ್ಪಿಕೊಂಡಿತು. ಲಿಡ್ಕರ್‌ಗೆ 2023ರಲ್ಲಿ ನಟ ಧನಂಜಯ ರಾಯಭಾರಿಯಾದರು.