ಬೇಗೂರಿನ ವೀರಗಲ್ಲುಗಳು: ಸಂರಕ್ಷಣೆಯ ನೆಲೆಗಳು

ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಗಂಗರ ಕಾಲದ (ಕ್ರಿ.ಶ. ಸು. 890) ವೀರಗಲ್ಲು ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ಸ್ಮರಿಸುತ್ತದೆ. ಬೆಂದ ಕಾಳಿನ ಐತಿಹ್ಯದ ನಾಯಕನಾದ ಹೊಯ್ಸಳ ವೀರಬಲ್ಲಾಳನಿಗಿಂತ ಸುಮಾರು ಮೂರು ಶತಮಾನ ಮೊದಲೇ ಊರಿನ ಹೆಸರು ಬಳಕೆಯಲ್ಲಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗಂಗ-ನೊಳಂಬರ ಯುದ್ಧವನ್ನು ಚಿತ್ರಿಸುವ ಬೇಗೂರಿನ ಮತ್ತೊಂದು ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಅಲ್ಲಿ ಕಲ್ಲಿಗೆ ರಕ್ಷಣೆಯಿದೆ, ನೆಲದ ನಂಟಿಲ್ಲ.

ಸ್ಮಾರಕಗಳನ್ನು ಕುರಿತ 1961ರ ರಾಜ್ಯ ಕಾಯಿದೆಯ ರಕ್ಷಣೆ ಮುಖ್ಯವಾಗಿ ಅಧಿಸೂಚನೆಯನ್ನು ಅವಲಂಬಿಸಿದೆ. ಕೆರೆಯ ಏರಿ, ಹೊಲದ ಬದುಗಳಲ್ಲಿನ ವೀರಗಲ್ಲುಗಳನ್ನು ಉಳಿಸಿಕೊಂಡು ಬಂದದ್ದು ಗ್ರಾಮಸ್ಥರ ಆರಾಧನೆ. 1970ರ ದಶಕದ ಕೊನೆಯಿಂದ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರು ಪರಿಸರದ ಹೊಲಗಳು ಕೈಗಾರಿಕಾ ನಿವೇಶನಗಳಾದಂತೆ ಆ ಆಸರೆ ಸಡಿಲಗೊಂಡಿತು. ಆದುದರಿಂದ ಸಂರಕ್ಷಣೆಯ ಪಟ್ಟಿಗೆ ಶಾಸನತಜ್ಞರ ದಾಖಲೆಯೊಂದಿಗೆ ಗ್ರಾಮಸ್ಮೃತಿಯೂ ಆಧಾರವಾಗಬೇಕಾಗಿದೆ.